ಗಾಳದ ರಾಡ್‌ನ ತೂಕ ಸರಿ ಮಾಡುವುದು ಹೇಗೆ? ಹತ್ತು ರೂಪಾಯಿ ನಾಣ್ಯ ಕಟ್ಟಿ ನೋಡಿ

ಕಾಸರಗೋಡಿನ ಚಂದ್ರಗಿರಿ ಅಳಿವೆಯ ಕಲ್ಲುಗಳ ಮೇಲೆ ಸಂಜೆ ಹೊತ್ತು ಗಾಳ ಹಾಕುವ ಹುಡುಗರ ಕೈ ಗಮನಿಸಿ. ಶುರುವಿನಲ್ಲಿ ಕೈ ರೀಲ್‌ನ ಕಾಲಿನ ಹತ್ತಿರವೇ, ಅಂದರೆ ದಾರ ಸುತ್ತುವ ರೀಲ್ ರಾಡ್‌ಗೆ ಕೂರುವ ಕಡೆಯೇ ಇರುತ್ತದೆ. ಸ್ವಲ್ಪ ಹೊತ್ತು ಕಳೆದರೆ ಮೆಲ್ಲಗೆ ಮುಂದಕ್ಕೆ ಜರುಗುತ್ತದೆ. ಆಮೇಲೆ ರಾಡ್‌ನ ಬುಡ ಕಂಕುಳಿಗೆ ಸೇರುತ್ತದೆ. ಕತ್ತಲಾಗುವಷ್ಟರಲ್ಲಿ ಮಣಿಕಟ್ಟು ನೀವಿಕೊಳ್ಳುತ್ತಾ ಕೂತಿರುತ್ತಾರೆ. ರಾಡ್ ತುದಿಭಾರ ಆದರೆ ಹೀಗೇ ಆಗುವುದು.

ಇದಕ್ಕೆ ಹೆಚ್ಚಿನವರು ಮಾಡುವ ಮದ್ದು ದೊಡ್ಡ ರೀಲ್. 2500 ಸೈಜಿನದನ್ನು ಬಿಚ್ಚಿ 4000 ಹಾಕುತ್ತಾರೆ. ಅಂಗಡಿಯಲ್ಲೂ ಅದನ್ನೇ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ದುಡ್ಡು ದಂಡ. ರೀಲ್ ಇರುವುದು ನಿಮ್ಮ ಕೈಯ ನೇರ ಕೆಳಗೆ. ಅದರ ಭಾರ ಅಂಗೈಗೆ ಬೀಳುತ್ತದೆ, ತುದಿಯನ್ನು ಎತ್ತುವುದಿಲ್ಲ. ತುದಿ ಎತ್ತಬೇಕಾದರೆ ಕೈಯ ಹಿಂದೆ, ಬುಡದ ಕಡೆ ತೂಕ ಇರಬೇಕು.

ಮೊದಲ ಹೆಜ್ಜೆ ಸುಲಭ. ರಾಡ್ ಜೋಡಿಸಿ, ರೀಲ್ ಹಾಕಿ, ದಾರ ಎಲ್ಲಾ ರಿಂಗ್‌ಗಳಲ್ಲಿ ತೂರಿಸಿ. ಲ್ಯೂರ್, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆ, ಈಗ ಬೇಡ.

ಎರಡನೆಯದರಲ್ಲೇ ಎಲ್ಲರೂ ಎಡವುವುದು. ರಾಡನ್ನು ಒಂದು ಬೆರಳ ಮೇಲೆ ಅಡ್ಡ ಇಟ್ಟು, ಎಲ್ಲಿ ಸಮ ನಿಲ್ಲುತ್ತದೆ ಅಂತ ಹುಡುಕುತ್ತಾರೆ. ರೀಲ್‌ಗೆ ಹತ್ತಿರ ನಿಂತರೆ ಖುಷಿ. ಆದರೆ ಭಾರದ ರೀಲ್ ಹಾಕಿದರೆ ಆ ಜಾಗ ತಾನಾಗಿ ರೀಲ್ ಕಡೆಗೆ ಸರಿಯುತ್ತದೆ. ಕೈಗೆ ಆಗುವ ಎಳೆತ ಮಾತ್ರ ಹಾಗೆಯೇ ಉಳಿಯುತ್ತದೆ. ಅಂದರೆ ಬೆರಳಿನ ಪರೀಕ್ಷೆ ಪಾಸಾದ ರಾಡ್ ಕೂಡ ಕೈ ನೋಯಿಸಬಹುದು.

ಸರಿಯಾಗಿ ನೋಡಬೇಕಾದರೆ ಹೀಗೆ ಮಾಡಿ. ನಮ್ಮಲ್ಲಿ ಹೆಚ್ಚಿನವರು ರೀಲ್‌ನ ಕಾಲನ್ನು ನಡುಬೆರಳು, ಉಂಗುರ ಬೆರಳಿನ ಮಧ್ಯೆ ಹಿಡಿಯುತ್ತಾರೆ. ಅಲ್ಲೇ, ಕಾಲು ಇರುವ ಕಡೆಯೇ, ಹತ್ತಿಯ ದಾರ ಕಟ್ಟಿ. ಅದನ್ನು ಕಿಟಕಿಯ ಸರಳಿಗೆ ನೇತು ಹಾಕಿ. ಫ್ಯಾನ್ ಆಫ್ ಮಾಡಿ. ತುದಿ ಕೆಳಗೆ ಬಾಗುತ್ತದೆ, ಅಲ್ವಾ? ಈಗ ಬುಡದ ಕೊನೆಗೆ ಹತ್ತು ರೂಪಾಯಿ ನಾಣ್ಯಗಳನ್ನು ಒಂದೊಂದಾಗಿ ಟೇಪ್‌ನಲ್ಲಿ ಅಂಟಿಸುತ್ತಾ ಹೋಗಿ. ಎರಡು ಬಣ್ಣದ ಆ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ, ಹಾಗಾಗಿ ಬೇರೆ ತಕ್ಕಡಿ ಬೇಕಿಲ್ಲ. ರಾಡ್ ಅಡ್ಡಕ್ಕೆ ಸಮ ನಿಂತಾಗ ಎಷ್ಟು ನಾಣ್ಯ ಆಯಿತು ಎಂದು ಎಣಿಸಿ. ಅದೇ ನಿಮ್ಮ ರಾಡ್‌ನ ನಿಜವಾದ ತುದಿಭಾರ. ದಾರ ಎರಡು ಸೆಂಟಿಮೀಟರ್ ಆಚೀಚೆ ಆದರೂ ಲೆಕ್ಕ ಕೆಡುತ್ತದೆ, ಆದ್ದರಿಂದ ಗಂಟು ಜಾರದಂತೆ ಬಿಗಿಯಾಗಿ ಹಾಕಿ.

ಮೂರು ನಾಣ್ಯದೊಳಗೆ ಮುಗಿದರೆ ಏನೂ ಮಾಡಬೇಡಿ. ನಾಲ್ಕರಿಂದ ಎಂಟು ಆದರೆ ಸರಿ ಮಾಡಬಹುದು. ಎಂಟು ದಾಟಿದರೆ ಸುಮಾರು 60 ಗ್ರಾಂಗಿಂತ ಜಾಸ್ತಿ ಕಟ್ಟಬೇಕು. ಅಂಥ ರಾಡ್‌ನಲ್ಲಿ ಲ್ಯೂರ್ ಎಸೆಯುವ ಆಸೆ ಬಿಡುವುದೇ ವಾಸಿ.

ಬುಡಕ್ಕೆ ತೂಕ ಸೇರಿಸುವ ಮೊದಲು ತುದಿಯನ್ನು ನೋಡಿ. 7 ಅಡಿ ರಾಡ್ ಅಂದರೆ 213 ಸೆಂಟಿಮೀಟರ್. ಕೈಯ ಹಿಂದೆ 30 ಇದ್ದರೆ ಮುಂದೆ ಸುಮಾರು 180. ಆರು ಪಟ್ಟು ಉದ್ದ. ಆದ್ದರಿಂದ ತುದಿಯಲ್ಲಿ ಬರೀ 2 ಗ್ರಾಂ ಜಾಸ್ತಿಯಾದರೆ ಬುಡದಲ್ಲಿ 12 ಗ್ರಾಂ ಕಟ್ಟಬೇಕು. ರಾಡ್ ಬೀಸುವಾಗಿನ ಕಥೆ ಇನ್ನೂ ಕಷ್ಟ: ದೂರ ಎರಡು ಪಟ್ಟಾದರೆ ಅದೇ 1 ಗ್ರಾಂ ಬೀಸನ್ನು ನಾಲ್ಕು ಪಟ್ಟು ತಡೆಯುತ್ತದೆ. ಅಡಿಕೆ ತೋಟದಲ್ಲಿ ದೋಟಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತುದಿಯ ಕತ್ತಿ ಸ್ವಲ್ಪ ದಪ್ಪ ಆದರೂ ತೋಳಿಗೆ ಗೊತ್ತಾಗುತ್ತದೆ. ಬುಡಕ್ಕೆ ಕಟ್ಟಿದ ತೂಕ ರಾಡನ್ನು ಸಮ ನಿಲ್ಲಿಸುತ್ತದೆ, ಬೀಸುವಾಗಿನ ಆ ಜಡತನವನ್ನು ಕಳೆಯುವುದಿಲ್ಲ. ತುದಿಯಲ್ಲಿ ಇಳಿಸಿದ ತೂಕ ಎರಡಕ್ಕೂ ಒಳ್ಳೆಯದು.

ಹಾಗಾಗಿ ತುದಿ ರಿಂಗ್ ಮುರಿದಾಗ ಕೈಗೆ ಸಿಕ್ಕಿದ ದಪ್ಪ ಸ್ಟೀಲ್ ರಿಂಗ್ ಹಾಕಿಸಬೇಡಿ. ಅದೇ ಸೈಜಿನ ಹಗುರದ್ದು ಬರುವವರೆಗೆ ಕಾಯಿರಿ. ಮುಂದಿನ ರಿಂಗ್‌ಗಳ ಮೇಲೆ ಅಂಟು ಮೆತ್ತಿ ಮೆತ್ತಿ ಗಟ್ಟಿ ಮಾಡುವುದೂ ಬೇಡ. ಬುಡ ಉದ್ದ ಆಯಿತು ಅಂತ ಗರಗಸದಲ್ಲಿ ಕೊಯ್ಯುವವರೂ ಇದ್ದಾರೆ. ಕೊಯ್ದರೆ ತುದಿಭಾರ ಇನ್ನೂ ಜಾಸ್ತಿಯಾಗುತ್ತದೆ. ಮಡಚುವ ಅಗ್ಗದ ಟೆಲಿಸ್ಕೋಪಿಕ್ ರಾಡನ್ನಂತೂ ಲ್ಯೂರ್‌ಗೆ ತೆಗೆದುಕೊಳ್ಳಲೇಬೇಡಿ. ಒಂದೊಂದು ತುಂಡಿನ ಕೊನೆಗೂ ಬಳೆ, ರಿಂಗ್ ಸೇರಿ ಭಾರವೆಲ್ಲ ಮುಂದೆ ಕೂತಿರುತ್ತದೆ. ಮರಳು ಸೇರಿದರೆ ಮಡಚಲೂ ಬರುವುದಿಲ್ಲ.

ಇಷ್ಟಾದ ಮೇಲೆ ಬುಡಕ್ಕೆ ತೂಕ ಕಟ್ಟಿ. ಎಣಿಸಿದ ನಾಣ್ಯಗಳಲ್ಲಿ ಒಂದು ಕಡಿಮೆ ಮಾಡಿ. ತುದಿ ಚೂರು ಬಾಗಿದ್ದರೇ ನನಗೆ ಇಷ್ಟ, ದಾರದ ಮೇಲೆ ಹಿಡಿತ ಇರುತ್ತದೆ. ನಾಣ್ಯ ಕಟ್ಟಿಕೊಂಡೇ ಒಂದು ಸಂಜೆ ಗಾಳ ಹಾಕಿ. ಹಿಡಿಸಿದರೆ ಅಷ್ಟೇ ತೂಕದ ಸ್ಟೇನ್‌ಲೆಸ್ ವಾಷರ್‌ಗಳನ್ನು ಬುಡದ ಮುಚ್ಚಳದೊಳಗೆ ಕೂರಿಸಿ, ಅಂಟು ಹಾಕಿ ಮುಚ್ಚಿ. ಸಾದಾ ಕಬ್ಬಿಣ ಉಪ್ಪು ನೀರಿಗೆ ತುಕ್ಕು ಹಿಡಿಯುತ್ತದೆ. ಸೀಸ ಬಳಸಿದರೆ ಹಲ್ಲಿನಲ್ಲಿ ಕಚ್ಚಬೇಡಿ, ಕೈ ತೊಳೆಯಿರಿ.

ಕೈ ಹಗುರವಾದರೆ ನೋವು ತಪ್ಪುವುದಷ್ಟೇ ಲಾಭ ಅಲ್ಲ. ತುದಿಭಾರದ ರಾಡನ್ನು ಹಿಂಡಿ ಹಿಡಿಯಲೇಬೇಕು, ಹಿಂಡಿದ ಬೆರಳಿಗೆ ಸಣ್ಣ ಟಕ್ ತಿಳಿಯುವುದಿಲ್ಲ. ಕಾಳಾಂಜಿ ಮೀನು ಲ್ಯೂರನ್ನು ಸುಮ್ನೆ ಒಮ್ಮೆ ಮುಟ್ಟಿ ಬಿಟ್ಟಿದ್ದು ಗೊತ್ತಾಗಬೇಕಾದರೆ ಬೆರಳು ಸಡಿಲ ಇರಬೇಕು.

ಎಲ್ಲಾ ರಾಡ್‌ಗೂ ಈ ಕೆಲಸ ಬೇಡ. ಕುಂಬಳೆ ಕಡಲ ಕರೆಯಲ್ಲಿ 12 ಅಡಿ ರಾಡನ್ನು ಮರಳಲ್ಲಿ ಕೋಲು ನೆಟ್ಟು ನಿಲ್ಲಿಸುವವರು ಯಾವ ತೂಕವನ್ನೂ ಕಟ್ಟಬೇಕಿಲ್ಲ, ಅಲ್ಲಿ ಭಾರ ಹೊರುವುದು ಕೋಲು. ತುದಿಯನ್ನು ನೀರಿನ ಕಡೆ ಇಳಿಸಿಯೇ ಲ್ಯೂರ್ ಕುಣಿಸುವವರಿಗೂ ಸ್ವಲ್ಪ ತುದಿಭಾರ ತೊಂದರೆ ಕೊಡುವುದಿಲ್ಲ. ತುದಿ ಮೇಲೆತ್ತಿ ಹಿಡಿಯುವವರು ಮಾತ್ರ ತುದಿ ರಿಂಗ್ ಬದಲಿಸಿದಾಗಲೆಲ್ಲ ರಾಡನ್ನು ಮತ್ತೆ ಕಿಟಕಿಗೆ ಕಟ್ಟಿ ನೋಡಿ.