ಹಳೆಯದು ಕೊಟ್ಟು ಹೊಸದು ತರುವ ಮುನ್ನ

ಬಚ್ಚಲುಮನೆಯ ಎಲ್‌ಇಡಿ ಬಲ್ಬ್ ಹೋಗಿತ್ತು. ಶಿರಸಿ ಪೇಟೆಯಲ್ಲಿ ತಂದ ಅಂಗಡಿಗೇ ಒಯ್ದೆ. ಅಂಗಡಿಯವರು ಬಲ್ಬ್ ತಿರುಗಿಸಿ, ಬುಡದಲ್ಲಿ ತಾವೇ ಮಾರ್ಕರ್ ಪೆನ್ನಿನಿಂದ ಗೀಚಿದ ತಿಂಗಳು ನೋಡಿದರು. ‘ಇನ್ನೂ ಎರಡ್ ತಿಂಗ್ಳು ಇದ್ದು ಮಾಸ್ತರೇ, ತಗಳಿ’ ಎಂದು ಹೊಸದು ಕೊಟ್ಟರು. ಹಳೆಯದು ಕೌಂಟರ್ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಬಿತ್ತು. ಬಗ್ಗಿ ನೋಡಿದರೆ ಪೆಟ್ಟಿಗೆ ಕಂಠಮಟ್ಟ ತುಂಬಿತ್ತು.

‘ಇದೆಲ್ಲ ಎಲ್ಲಿಗೆ ಹೋಗ್ತದೆ?’

‘ಕಂಪನಿಯವ ಬಂದು ಎಣಿಸ್ತ. ಕೆಲವ್ರು ಒಯ್ತ. ಕೆಲವ್ರು ಲೆಕ್ಕ ಬರ್ಕಂಡು ಇಲ್ಲೇ ಬಿಟ್ಟು ಹೋಗ್ತ.’

ನನಗೆ ಹೊಸ ಬಲ್ಬ್ ಸಿಗಲು ಅರ್ಧ ನಿಮಿಷ ಸಾಕಾಯಿತು. ಪೆಟ್ಟಿಗೆಯ ಕತೆ ಮಾತ್ರ ಮುಗಿದಿರಲಿಲ್ಲ. ವಾರಂಟಿ ನಮ್ಮ ಹಕ್ಕು, ಬಿಡಬೇಕಾಗಿಲ್ಲ. ಆದರೆ ‘ಬದಲಿ ಕೊಡಿ’ ಅನ್ನುವ ಮೊದಲು ನಾಲ್ಕು ಕೆಲಸ ಮಾಡಿದರೆ ಎಷ್ಟೋ ಸಲ ಬದಲಿಯೇ ಬೇಕಾಗುವುದಿಲ್ಲ. ದುಡ್ಡೂ ಉಳಿಯುತ್ತದೆ, ಸರ್ವಿಸ್ ಸೆಂಟರಿಗೆಂದು ಹುಬ್ಬಳ್ಳಿ ಬಸ್ಸು ಹತ್ತುವುದೂ ತಪ್ಪುತ್ತದೆ.

ತಂದ ದಿನವೇ ಮಾಡುವ ಕೆಲಸ

ಬಿಲ್ಲಿನ ಫೋಟೊ ತೆಗೆದಿಡಿ. ಈಗಿನ ಬಿಲ್ಲುಗಳು ನುಣುಪು ಕಾಗದದವು, ಕಪಾಟಿನಲ್ಲಿಟ್ಟರೂ ಎಂಟು ಹತ್ತು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಚೀಟಿಯಾಗುತ್ತವೆ. ವಸ್ತುವಿನ ಹಿಂದಿರುವ ಸೀರಿಯಲ್ ನಂಬರಿನ ಫೋಟೊವೂ ಇರಲಿ. ಬಿಲ್ ಕೊಡುವುದಿಲ್ಲ ಅನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪು ವ್ಯಾಪಾರ ಪದ್ಧತಿ. ಗುರುತಿನ ಅಂಗಡಿಯಾದರೂ ಕೇಳಿ ತಗೊಳ್ಳಿ.

ಆಮೇಲೆ ಕಾರ್ಡ್ ಓದಿ. ‘ರಿಪೇರ್ ವಾರಂಟಿ’ಯೋ ‘ರಿಪ್ಲೇಸ್‌ಮೆಂಟ್ ವಾರಂಟಿ’ಯೋ ನೋಡಿ. ಫ್ರಿಜ್, ವಾಷಿಂಗ್ ಮಷಿನ್‌ಗೆ ಸಾಮಾನ್ಯವಾಗಿ ಮೊದಲನೆಯದು. ಬಲ್ಬ್, ಚಾರ್ಜರ್, ಇಯರ್‌ಫೋನ್‌ಗೆ ಎರಡನೆಯದು. ಕಾರಣ ಸರಳ. ಮುನ್ನೂರು ರೂಪಾಯಿಯ ಇಯರ್‌ಫೋನ್ ಬಿಚ್ಚಿ ರಿಪೇರಿ ಮಾಡುವವನ ಒಂದು ಗಂಟೆಯ ಕೂಲಿಯೇ ಅದಕ್ಕಿಂತ ಜಾಸ್ತಿ. ಮೇಲಾಗಿ ಅಂಟು ಹಾಕಿ ಮುಚ್ಚಿರುತ್ತಾರೆ, ಬಿಚ್ಚಲು ಬರುವುದೇ ಇಲ್ಲ. ಒಂದನ್ನು ಗಟ್ಟಿಯಾಗಿ ಮಾಡುವುದಕ್ಕಿಂತ ಎರಡು ಕೊಡುವುದೇ ಅಗ್ಗ ಅಂತ ಲೆಕ್ಕ ಹಾಕಿಯೇ ಹೊರಟಿರುತ್ತಾರೆ ಎಂಬುದು ನನ್ನ ಗುಮಾನಿ. ನನ್ನದೊಂದು ಇಯರ್‌ಫೋನ್ ಒಂದೇ ವರ್ಷದಲ್ಲಿ ಮೂರು ಸಲ ಬದಲಾಯಿತು. ಮೂರರಲ್ಲೂ ಎಡಗಿವಿಯದೇ ದೋಷ.

ಭಟ್ಕಳದ ದುಬೈ ಮಾರ್ಕೆಟ್ಟಿನಲ್ಲಿ ತಗೊಳ್ಳುವವರು, ಗಲ್ಫಿನಿಂದ ಭಾವ ತಂದುಕೊಟ್ಟ ಮೊಬೈಲ್ ಇಟ್ಟುಕೊಂಡವರು ಇನ್ನೊಂದು ಮಾತು ಕೇಳಬೇಕು: ಈ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ? ಅನೇಕ ವಸ್ತುಗಳಿಗೆ ಮಾರಿದ ದೇಶದಲ್ಲಷ್ಟೇ ವಾರಂಟಿ ಇರುತ್ತದೆ.

ನಿಜಕ್ಕೂ ಕೆಟ್ಟಿದೆಯೇ?

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹವೆಯೇ ಹಾಗೆ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿ, ಘಟ್ಟದ ಮೇಲೆ ನಾಲ್ಕು ತಿಂಗಳು ತೇವ. ಲೋಹದ ತುದಿಗಳಲ್ಲಿ ಹಸಿರು ಹಿಡಿಯುತ್ತದೆ. ರಿಮೋಟ್ ನಡೆಯದಿದ್ದರೆ ಸೆಲ್ ಕೂರುವ ಸ್ಪ್ರಿಂಗ್ ನೋಡಿ. ಫೋನ್ ಚಾರ್ಜ್ ಆಗದಿದ್ದರೆ ಮೊದಲು ಬೇರೆ ವೈರು, ಬೇರೆ ಚಾರ್ಜರ್ ಹಾಕಿ. ಆಮೇಲೆ ಫೋನ್ ಆಫ್ ಮಾಡಿ ಪಿನ್ ಹೋಗುವ ತೂತಿಗೆ ಟಾರ್ಚ್ ಬಿಡಿ. ಕಿಸೆಯ ಹತ್ತಿಯ ಧೂಳು ಅಲ್ಲಿ ಉಂಡೆಗಟ್ಟಿರುತ್ತದೆ. ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಬಹುದು. ಸೂಜಿ ಮಾತ್ರ ಹಾಕಬೇಡಿ.

ಇನ್ನು ಇನ್ವರ್ಟರ್ ಬ್ಯಾಟರಿ. ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಹಳ್ಳಿಗಳಲ್ಲಿ ಇದಿಲ್ಲದ ಮನೆ ಕಡಿಮೆ. ನಮ್ಮನೆಯದು ಒಂದು ಆಷಾಢದಲ್ಲಿ ಹತ್ತೇ ನಿಮಿಷಕ್ಕೆ ಕುಂಯ್ ಅನ್ನಲು ಶುರುಮಾಡಿತು. ಐವತ್ತು ಕೆಜಿ ಮೀರಿದ ಸಾಮಾನು, ಪೇಟೆಗೆ ಒಯ್ಯಲು ಜೀಪೇ ಬೇಕು. ಜೀಪ್ ಹೇಳುವ ಮೊದಲು ಅಂಗಡಿಯ ಹುಡುಗನನ್ನು ಕರೆಸಿದೆ. ಆತ ಟರ್ಮಿನಲ್ ನೋಡಿ ನಕ್ಕ. ಬಿಳಿ-ಹಸಿರು ಬೂಷ್ಟು ಹೂಕೋಸಿನ ಹಾಗೆ ಬೆಳೆದಿತ್ತು. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ವೈರು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿದ್ದವು, ಸೋಡಾ ನೀರು ಒಳಗೆ ಹೋದರೆ ಆಸಿಡ್ ಕೆಡುತ್ತದೆ. ಒರೆಸಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಬಿಗಿದ. ಆಮೇಲೆ ಬ್ಯಾಟರಿ ನೀರು ತುಂಬಿದ. ಬಾವಿ ನೀರು, ಅಂಗಳದಲ್ಲಿ ಹಿಡಿದ ಮಳೆನೀರು ನಡೆಯುವುದಿಲ್ಲ, ಡಿಸ್ಟಿಲ್ಡ್ ವಾಟರೇ ಆಗಬೇಕು. ಇದೆಲ್ಲ ಮಾಡುವಾಗ ಕೈಗವಸು ಇರಲಿ. ಹತ್ತಿರ ಬೀಡಿ, ದೀಪ ಬೇಡ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ.

ಮರುದಿನ ಪೂರ್ತಿ ಚಾರ್ಜ್ ಆದಮೇಲೆ ಆತ ಬಂದು ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ‘ಗ್ರಾವಿಟಿ’, ಅಂದರೆ ಆಸಿಡ್ಡಿನ ಸಾಂದ್ರತೆ, ನೋಡಿದ. ಆರೂ ಸೆಲ್ಲಿನಲ್ಲಿ 1240ರ ಆಸುಪಾಸು. ಬ್ಯಾಟರಿ ಸರಿಯಾಗಿಯೇ ಇತ್ತು. ಒಂದೇ ಒಂದು ಸೆಲ್ ಉಳಿದವುಗಳಿಗಿಂತ ತೀರಾ ಕೆಳಗಿದ್ದರೆ ಆಗ ಕ್ಲೇಮ್ ಮಾಡಬಹುದು. ಇಲ್ಲದಿದ್ದರೆ ಕಂಪನಿಯವರೂ ಚಾರ್ಜ್ ಮಾಡಿ, ನೋಡಿ, ವಾಪಸ್ ಕಳಿಸುತ್ತಾರೆ. ಜೀಪಿನ ಬಾಡಿಗೆ ನಿಮ್ಮ ತಲೆಗೆ.

ಬ್ಯಾಟರಿಗೇ ಇರುವ ಇನ್ನೊಂದು ಒಳಗುಟ್ಟು ‘ಪ್ರೋ-ರೇಟಾ’. ಕಾರ್ಡಿನಲ್ಲಿ 24+24 ಎಂದಿದ್ದರೆ ಮೊದಲ ಎರಡು ವರ್ಷ ಪುಕ್ಕಟೆ ಬದಲಿ, ನಂತರದ ಎರಡು ವರ್ಷ ಹೊಸದರ ಬೆಲೆಯಲ್ಲಿ ರಿಯಾಯಿತಿ ಅಷ್ಟೇ. ರಿಯಾಯಿತಿ ಸಾಮಾನ್ಯವಾಗಿ ಎಂಆರ್‌ಪಿ ಮೇಲೆ. ಉದಾಹರಣೆಗೆ ಎಂಆರ್‌ಪಿ 20,000, ಅಂಗಡಿಯಲ್ಲಿ ಮಾರುವುದು 15,000ಕ್ಕೆ ಅಂತ ಇಟ್ಟುಕೊಳ್ಳಿ. ಶೇ 25 ರಿಯಾಯಿತಿ ಕೊಟ್ಟರೆ ನೀವು ಕಟ್ಟುವುದು ಅದೇ 15,000! ಹಳೇ ಬ್ಯಾಟರಿಯೂ ಅವರಿಗೇ ಹೋಯಿತು. ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟಿದ್ದರೆ ಅಷ್ಟಾದರೂ ಕಡಿಮೆಯಾಗುತ್ತಿತ್ತು. ಹಾಗಾಗಿ ಕಡೇ ತಿಂಗಳುಗಳಲ್ಲಿ ಎರಡೂ ಲೆಕ್ಕ ಬರೆಸಿಕೊಂಡು ಹೋಲಿಸಿ.

ಕೌಂಟರಿನಲ್ಲಿ ಏನು ಕೇಳಬೇಕು

ಮೊದಲ ಮಾತು, ‘ರಿಪೇರಿ ಆಗ್ತದಾ?’ ಬದಲಿ ಕೊಟ್ಟರೆ ಅದಕ್ಕೆ ಹೊಸ ವಾರಂಟಿ ಶುರುವಾಗುತ್ತದೆಂದು ತುಂಬ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಳೆಯದರಲ್ಲಿ ಉಳಿದ ತಿಂಗಳುಗಳಷ್ಟೇ ಸಿಗುವುದು. ಬದಲಿಯಾಗಿ ಬರುವುದು ಕೆಲವೊಮ್ಮೆ ರಿಪೇರಿ ಮಾಡಿದ ಬೇರೆಯವರ ಪೀಸೂ ಆಗಿರುತ್ತದೆ. ಕಸದ ದೃಷ್ಟಿಯಿಂದ ಅದು ಒಳ್ಳೆಯದೇ, ಆದರೆ ಹೇಳಿ ಕೊಡಬೇಕು.

ಜಾಬ್ ಶೀಟ್, ಅಂದರೆ ರಿಪೇರಿಗೆ ವಸ್ತು ತಗೊಂಡಿದ್ದಕ್ಕೆ ಕೊಡುವ ಚೀಟಿ, ಇಲ್ಲದೆ ವಸ್ತು ಬಿಟ್ಟು ಬರಬೇಡಿ. ಅದರಲ್ಲಿ ತಾರೀಕು, ದೋಷ, ‘ಸ್ಕ್ರೀನ್ ಒಡೆದಿಲ್ಲ’ ಎಂಬಂಥ ಸ್ಥಿತಿ ಬರೆಸಿ. ಫೋನ್ ಆದರೆ ಒಳಗಿನ ಫೋಟೊ, ಬ್ಯಾಂಕ್ ಆ್ಯಪ್ ಎಲ್ಲ ಅಳಿಸಿ ಕೊಡಿ.

ಸಿಡಿಲು ಬಡಿದದ್ದು, ವೋಲ್ಟೇಜ್ ಏರಿಳಿತ, ನೀರು, ಹಲ್ಲಿ ಇರುವೆ ಹೊಕ್ಕಿದ್ದು ಸಾಧಾರಣವಾಗಿ ವಾರಂಟಿಯಲ್ಲಿ ಬರುವುದಿಲ್ಲ. ಮೇ ತಿಂಗಳ ಗುಡುಗಿಗೆ ಟಿವಿಯ ಪ್ಲಗ್ಗಿನ ಜೊತೆ ಡಿಶ್ ಕೇಬಲ್ಲನ್ನೂ ಕೀಳಿ. ಫೋನಿನೊಳಗೆ ಒಂದು ಸಣ್ಣ ಬಿಳಿ ಚೀಟಿ ಅಂಟಿಸಿರುತ್ತಾರೆ, ನೀರು ತಾಗಿದರೆ ಕೆಂಪಾಗುತ್ತದೆ. ನೀರಿಗೆ ಬಿದ್ದೇ ಇಲ್ಲ ಅನ್ನುವ ವಾದ ಅದರೆದುರು ನಿಲ್ಲುವುದು ಕಷ್ಟ.

ಮಾತು ಕೇಳದಿದ್ದರೆ

1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಕಂಪನಿ ದಿಲ್ಲಿಯಲ್ಲಿರಲಿ, ಮುಂಬೈಯಲ್ಲಿರಲಿ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಆನ್‌ಲೈನ್‌ನಲ್ಲೂ ಆಗುತ್ತದೆ, ಘಟ್ಟ ಇಳಿಯಲೇಬೇಕೆಂದಿಲ್ಲ. ಫೋನ್, ಫ್ರಿಜ್ ಮುಂತಾದವುಗಳ ರಿಪೇರಿ ಮಾಹಿತಿ ಒಂದೆಡೆ ಸಿಗಲೆಂದು ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಫ್ರಾನ್ಸಿನಲ್ಲಿ 2021ರಿಂದ ಕೆಲವು ವಸ್ತುಗಳ ಮೇಲೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಹಾಕಿಯೇ ಮಾರಬೇಕು. ಪೋರ್ಟಲ್ಲಿಗಿಂತ ಈ ಅಂಕವೇ ಗಿರಾಕಿಗೆ ಬೇಗ ಉಪಯೋಗಕ್ಕೆ ಬರುತ್ತದೆ, ಅಲ್ವಾ?

ಮನೆಯಲ್ಲಿ ಉಳಿದ ಹಳೆಯದು

ಹಳೇ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗುಜರಿ ಬೆಲೆ ನಿರ್ಧರಿಸುತ್ತದೆ. ಬ್ಯಾಟರಿಯ ಸೀಸಕ್ಕೆ ಬೆಲೆ ಇದೆ, ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಆದರೆ ಹಿತ್ತಲಲ್ಲಿ ಒಡೆದು ಆಸಿಡ್ ಮಣ್ಣಿಗೆ ಚೆಲ್ಲುವವರ ಕೈಗೆ ಕೊಡದೆ ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ. ಬಲ್ಬು, ಇಯರ್‌ಫೋನಿಗೆ ಬೆಲೆಯೇ ಇಲ್ಲ. ಹಾಗಾಗಿ ತೋಟದ ಮೂಲೆಗೋ ಬಚ್ಚಲ ಒಲೆಗೋ ಹೋಗುತ್ತವೆ. ಒಲೆಗೆ ಖಂಡಿತ ಬೇಡ, ಆ ಹೊಗೆ ವಿಷ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನ ಇ-ಕಸ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ.

ನಮ್ಮಲ್ಲಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಫೋನ್, ಟಿವಿ, ಫ್ರಿಜ್ ಮುಂತಾಗಿ ಪಟ್ಟಿಯಲ್ಲಿರುವ ವಸ್ತುಗಳ ಕಸಕ್ಕೆ ತಯಾರಕರೇ ಹೊಣೆ. ಬ್ಯಾಟರಿಗೆ 2022ರ ಪ್ರತ್ಯೇಕ ನಿಯಮವಿದೆ. ಪೆಟ್ಟಿಗೆಯ ಮೇಲಿನ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ‘ಹಳೆಯದು ಎಲ್ಲಿ ಕೊಡಬೇಕು’ ಎಂದು ಕೇಳಿ. ಅದಾಗದಿದ್ದರೆ ನಗರಸಭೆಯ ಗಾಡಿಗೆ ಹಸಿ ಕಸದ ಜೊತೆ ಬೆರೆಸದೆ ಬೇರೆಯಾಗಿ ಕೊಡಿ.

ವಾರಂಟಿ ಮುಗಿದ ಬಲ್ಬುಗಳಿಗೆ ಇನ್ನೊಂದು ದಾರಿ ಸಿಕ್ಕಿದೆ. (ವಾರಂಟಿ ಇರುವಾಗ ಬಿಚ್ಚಿದರೆ ಬದಲಿ ಸಿಗದು.) ಮನೆಯಲ್ಲಿ ಕೂಡಿದ್ದ ಹನ್ನೊಂದನ್ನು ಚೀಲದಲ್ಲಿ ಹಾಕಿ, ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬರ ಅಂಗಡಿಗೆ ಒಯ್ದೆ. ಅವರು ಮೇಲಿನ ಬಿಳಿ ಟೊಪ್ಪಿಗೆ ತೆಗೆದು ತೋರಿಸಿದರು. ತಟ್ಟೆಯ ಮೇಲೆ ಹಳದಿ ಕಾಳುಗಳ ಸಾಲು, ಒಂದು ಕಾಳಿನ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಎಲ್ಲ ಒಂದೇ ಸರದಲ್ಲಿ ಪೋಣಿಸಿದ ಹಾಗೆ ಇರುವುದರಿಂದ ಒಂದು ಸುಟ್ಟರೆ ಉಳಿದವೂ ಆರುತ್ತವೆ. ಬೇರೆ ಬಲ್ಬಿನ ಕಾಳು ಕಿತ್ತು ಅಲ್ಲಿ ಬೆಸುಗೆ ಹಾಕಿದರು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಹೊಡೆತ ನೇರ ಮೇನ್ ಲೈನಿನದು.

ಹನ್ನೊಂದರಲ್ಲಿ ಏಳು ಹತ್ತಿದವು. ಉಳಿದ ನಾಲ್ಕನ್ನು ಅವರು ವಾಪಸ್ ಕೊಡಲಿಲ್ಲ. ‘ಕಾಳು ಬೇಕಾಗ್ತು, ಇರ್ಲಿ’ ಎಂದು ಡಬ್ಬಿಗೆ ಹಾಕಿಕೊಂಡರು.