ಲಕ್ಷಗಟ್ಟಲೆಯ ಕ್ಯಾಮೆರಾ ಕೊಳ್ಳುವ ಮುನ್ನ ಅದನ್ನು ಛತ್ರಕ್ಕೂ ಗುಡಿಗೂ ಕೊಂಡೊಯ್ಯಿರಿ

ಮೇಲ್ದರ್ಜೆಯ ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದ ಬಾಡಿಯೊಂದಕ್ಕೇ ಇಂದು ಮೂರು, ನಾಲ್ಕು ಲಕ್ಷ ರೂಪಾಯಿ ಬೇಕು. ಲೆನ್ಸ್, ಮೆಮೊರಿ ಕಾರ್ಡ್, ಹೆಚ್ಚುವರಿ ಬ್ಯಾಟರಿಗಳ ಲೆಕ್ಕ ಬೇರೆ. ತುಮಕೂರು, ತಿಪಟೂರು, ಶಿರಾದಂಥ ಊರುಗಳಲ್ಲಿ ಸ್ಟುಡಿಯೊ ನಡೆಸುವವರಿಗೆ ಇದು ಮದುವೆ ಕಾಲದ ದುಡಿಮೆಯನ್ನೆಲ್ಲ ಒಂದೇ ಪೆಟ್ಟಿಗೆಯ ಮೇಲೆ ಹಾಕುವ ನಿರ್ಧಾರ. ಆದರೂ ಬಹಳ ಮಂದಿ ಯೂಟ್ಯೂಬ್‌ನ ನಾಲ್ಕು ವಿಡಿಯೊ ನೋಡಿ, ಅಂಗಡಿಯಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿದು ಹಣ ಕಟ್ಟಿಬಿಡುತ್ತಾರೆ. ಅಂಗಡಿಯ ಬೆಳಕಿನಲ್ಲಿ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ. ಒಂದರ ಗುಣದೋಷ ತಿಳಿಯುವುದು ನೀವು ನಿತ್ಯ ದುಡಿಯುವ ಬೆಳಕಿನಲ್ಲಿ, ನಿಮ್ಮದೇ ಲೆನ್ಸ್ ಹಾಕಿ, ನಿಮ್ಮ ಹಳೆಯ ಕ್ಯಾಮೆರಾದ ಪಕ್ಕದಲ್ಲಿಟ್ಟು ನೋಡಿದಾಗ.

ಅದಕ್ಕೆ ದಾರಿ ಸುಲಭ. ತುಮಕೂರಿನಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್. ಅಲ್ಲಿ ಕ್ಯಾಮೆರಾಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಗುರುತಿನ ಚೀಟಿ, ಠೇವಣಿ ಕೊಟ್ಟು ಎರಡು ದಿನಕ್ಕೆ ತನ್ನಿ. ಕೊಳ್ಳುವ ಬೆಲೆಯ ಮುಂದೆ ಆ ಬಾಡಿಗೆ ಏನೂ ಅಲ್ಲ.

ಮೊದಲು ಕಾಗದದ ಅಳತೆ

ಕ್ಯಾಮೆರಾ ಮುಟ್ಟುವ ಮೊದಲೇ ಒಂದು ಲೆಕ್ಕ ಹಾಕಿಕೊಳ್ಳಿ: ನಿಮ್ಮ ಚಿತ್ರ ಕೊನೆಗೆ ಎಷ್ಟು ದೊಡ್ಡದಾಗಿ ಅಚ್ಚಾಗುತ್ತದೆ? ಮದುವೆ ಆಲ್ಬಂನ ಹಾಳೆ ಸಾಮಾನ್ಯವಾಗಿ 12×36 ಅಂಗುಲ. ಅದರ ಒಂದು ಬದಿ 12×18. ಅಂಗುಲಕ್ಕೆ 300 ಚುಕ್ಕಿಯಂತೆ ಅಚ್ಚು ಹಾಕಿದರೂ ಅದಕ್ಕೆ ಬೇಕಾದದ್ದು 3600×5400 ಪಿಕ್ಸೆಲ್, ಅಂದರೆ 19.4 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್‌ನ ಬಾಡಿ ಈ ಕೆಲಸವನ್ನು ನಿರಾಯಾಸವಾಗಿ ಮಾಡುತ್ತದೆ. ಒಂದೇ ಚಿತ್ರವನ್ನು ಇಡೀ 36 ಅಂಗುಲಕ್ಕೆ ಹರಡುವವರಿಗೆ ಮಾತ್ರ 39 ಮೆಗಾಪಿಕ್ಸೆಲ್‌ನ ಮಾತು ಬರುತ್ತದೆ. ಅಲ್ಲಿಯೂ ಮಡಿಕೆಯ ಮೇಲೆ ಮುಖ ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಚಿಂತೆ.

ಹಕ್ಕಿ, ಪ್ರಾಣಿ ತೆಗೆಯುವವರ ಲೆಕ್ಕ ಬೇರೆ. ದೂರದ ವಸ್ತುವನ್ನು ಕತ್ತರಿಸಿ ಹತ್ತಿರ ತರುವುದು ಅವರ ನಿತ್ಯದ ಕೆಲಸ. 45 ಮೆಗಾಪಿಕ್ಸೆಲ್‌ನ ಚಿತ್ರವನ್ನು ಉದ್ದ, ಅಗಲ ಎರಡರಲ್ಲೂ ಒಂದೂವರೆ ಪಟ್ಟು ಕಿರಿದಾಗುವಂತೆ ಕತ್ತರಿಸಿದರೆ ಸುಮಾರು 20 ಉಳಿಯುತ್ತದೆ. 24ರದ್ದನ್ನು ಹಾಗೆ ಕತ್ತರಿಸಿದರೆ ಹತ್ತರ ಆಸುಪಾಸು. ಈ ಅಂತರ ನಿಜಕ್ಕೂ ಹಣ ಕೊಡಲು ಯೋಗ್ಯವಾದದ್ದು.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದು ಕಡಿಮೆ. ಬೆಳಕು ಹಿಡಿಯುವ ಸಂವೇದಕ (ಸೆನ್ಸರ್) ಫುಲ್‌ಫ್ರೇಮ್‌ನಲ್ಲಿ 36×24 ಮಿಲಿಮೀಟರ್, ಅಂದರೆ 864 ಚದರ ಮಿಲಿಮೀಟರ್. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸಂವೇದಕ ಸುಮಾರು 370. ಎರಡಕ್ಕಿಂತ ಹೆಚ್ಚು ಪಟ್ಟು ಬೆಳಕು, ಹಾಗಾಗಿ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ತುಸು ಹೆಚ್ಚಿನ ಲಾಭ. ಆದರೆ ಈ ಲಾಭ ಸಿಗುವುದು ಎರಡರಲ್ಲೂ ಒಂದೇ ಅಪರ್ಚರ್ (ಲೆನ್ಸ್‌ನ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಇಟ್ಟಾಗ ಮಾತ್ರ. ಮೂರು ಸಾಲು ನಿಂತ ನೆಂಟರ ಗುಂಪಿಗೆ ಎಪಿಎಸ್-ಸಿಯಲ್ಲಿ ಎಫ್/5.6 ಸಾಕಾಗಿದ್ದರೆ ಅಷ್ಟೇ ಆಳದ ಸ್ಪಷ್ಟತೆಗೆ ಫುಲ್‌ಫ್ರೇಮ್‌ನಲ್ಲಿ ಎಫ್/8 ಬೇಕು. ಶಟರ್ ವೇಗ ಬದಲಿಸದಿದ್ದರೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಬೇಕಾಗುತ್ತದೆ, ಗಳಿಸಿದ್ದು ಅಲ್ಲಿಗೇ ಹೋಗುತ್ತದೆ. ನಿಮ್ಮ ಆಲ್ಬಂಗಳಲ್ಲಿ ಗುಂಪಿನ ಚಿತ್ರಗಳೇ ಹೆಚ್ಚಿದ್ದರೆ ಹೊಸ ಬಾಡಿಗಿಂತ ಎರಡು ಒಳ್ಳೆಯ ಫ್ಲ್ಯಾಶ್‌ಗಳು ಹೆಚ್ಚು ಉಪಕಾರ ಮಾಡುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಮನೆಯಲ್ಲಿ ಸಿದ್ಧತೆ

ಬಾಡಿಗೆಯ ಕ್ಯಾಮೆರಾ ಬಂದ ಕೂಡಲೇ ಸೆಟ್ಟಿಂಗ್‌ಗಳನ್ನೆಲ್ಲ ಮೂಲ ಸ್ಥಿತಿಗೆ ತನ್ನಿ, ಇಲ್ಲವಾದರೆ ಹಿಂದಿನವರು ಮಾಡಿಟ್ಟ ಬದಲಾವಣೆ ನಿಮ್ಮ ಪರೀಕ್ಷೆಯನ್ನು ಕೆಡಿಸುತ್ತದೆ. ರಾ (ಸಂವೇದಕದ ಕಚ್ಚಾ ಕಡತ) ಮತ್ತು ಜೆಪೆಗ್ ಎರಡೂ ದಾಖಲಾಗುವಂತೆ ಇಡಿ. ಹಳೆಯ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಬಳಸುವ ಯೋಚನೆಯಿದ್ದರೆ ಅಡಾಪ್ಟರನ್ನೂ ಬಾಡಿಗೆಗೆ ತನ್ನಿ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳು, ಅವನ್ನು ಹೊಸ ಜೆಡ್ ಬಾಡಿಗಳಿಗೆ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ. ಇದು ತಿಳಿಯದೆ ಕೊಂಡವರು ಲೆನ್ಸ್‌ಗೂ ಮತ್ತೊಮ್ಮೆ ಹಣ ಹಾಕಬೇಕಾಗುತ್ತದೆ.

ಆರತಕ್ಷತೆಯ ಸಂಜೆ

ಮೊದಲ ಪರೀಕ್ಷೆ ಛತ್ರದಲ್ಲಿ. ಒಪ್ಪಿಕೊಂಡ ಮದುವೆಯಲ್ಲಿ ಹೊಸ ಕ್ಯಾಮೆರಾ ಎರಡನೆಯದಾಗಿರಲಿ; ಮುಖ್ಯ ಚಿತ್ರಗಳನ್ನು ಹಳೆಯದರಲ್ಲೇ ತೆಗೆಯಿರಿ. ಇನ್ನೊಬ್ಬರ ಧಾರೆ ಮುಹೂರ್ತ ನಮ್ಮ ಪ್ರಯೋಗಶಾಲೆಯಲ್ಲ.

ನಮ್ಮ ಛತ್ರಗಳ ವೇದಿಕೆ ಇಂದು ಎಲ್‌ಇಡಿ ದೀಪಗಳಿಂದ ತುಂಬಿರುತ್ತದೆ, ಹಿಂದೆ ಎಲ್‌ಇಡಿ ಪರದೆಯೂ ಇರುತ್ತದೆ. ಮೇಲ್ದರ್ಜೆಯ ಕ್ಯಾಮೆರಾಗಳೂ ಎಡವುವುದು ಇಲ್ಲಿಯೇ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಅದರಿಂದ ನೇರವಾಗಿ ಉರಿಯುವ ದೀಪಗಳು ಸೆಕೆಂಡಿಗೆ 100 ಸಲ ಮಂದವಾಗಿ ಮತ್ತೆ ಬೆಳಗುತ್ತವೆ. ಶಟರ್ 1/50 ಅಥವಾ 1/100 ಸೆಕೆಂಡ್ ಇದ್ದರೆ ಪೂರ್ತಿ ಸುತ್ತು ಚಿತ್ರದಲ್ಲಿ ಸೇರುವುದರಿಂದ ಬೆಳಕು ಸಮನಾಗಿರುತ್ತದೆ. 1/250ಕ್ಕೆ ಏರಿಸಿದರೆ ಒಂದು ಚಿತ್ರ ಹಳದಿಗೆ ತಿರುಗಿ, ಮುಂದಿನದು ಮಬ್ಬಾಗಬಹುದು. ಎಲೆಕ್ಟ್ರಾನಿಕ್ ಶಟರ್ (ಯಾಂತ್ರಿಕ ಪರದೆ ಚಲಿಸದೆ ಸಂವೇದಕವೇ ಚಿತ್ರ ಓದುವ ಬಗೆ) ಆದರೆ ವಧುವಿನ ಮುಖದ ಮೇಲೆಯೇ ಅಡ್ಡ ಪಟ್ಟಿಗಳು ಬೀಳಬಹುದು. ಎಲ್‌ಇಡಿ ಪರದೆಗಳು ಇನ್ನೂ ವೇಗವಾಗಿ ಮಿನುಗುವುದರಿಂದ ಅವುಗಳ ಪಟ್ಟಿಗಳು ತೆಳುವಾಗಿ, ಒತ್ತೊತ್ತಾಗಿ ಬರುತ್ತವೆ.

ಹಾಗಾಗಿ ವೇದಿಕೆಯ ಮುಂದೆ ನಿಂತು 1/60, 1/100, 1/200, 1/500 ಈ ವೇಗಗಳಲ್ಲಿ ಮೊದಲು ಯಾಂತ್ರಿಕ ಶಟರ್‌ನಲ್ಲಿ, ಬಳಿಕ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹತ್ತು ಹತ್ತು ಚಿತ್ರ ತೆಗೆಯಿರಿ. ಮಿನುಗು ತಡೆಯುವ ಸೌಲಭ್ಯ ಇದ್ದರೆ ಹಾಕಿಯೂ ಹಾಕದೆಯೂ ನೋಡಿ. ನಿಕಾನ್ ಜೆಡ್9 (2021) ಮತ್ತು ಜೆಡ್8 (2023) ಬಾಡಿಗಳಲ್ಲಿ ಯಾಂತ್ರಿಕ ಶಟರ್ ಇಲ್ಲವೇ ಇಲ್ಲ. ಅವುಗಳ ಸಂವೇದಕ ಬಹಳ ವೇಗದ್ದು ನಿಜ, ಆದರೆ ನೀವು ಹೋಗುವ ಛತ್ರದ ದೀಪಗಳ ಕೆಳಗೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು.

ಅದೇ ಸಂಜೆ ಬಣ್ಣವನ್ನೂ ನೋಡಿಬಿಡಿ. ಕಡುಕೆಂಪು ರೇಷ್ಮೆ ಸೀರೆಯಲ್ಲಿ ಕೆಂಪು ಮಾತ್ರ ಮಿತಿ ಮೀರಿ ನೆರಿಗೆಗಳೆಲ್ಲ ಒಂದೇ ಬಣ್ಣದ ಮುದ್ದೆಯಂತಾಗುವುದು ಸಾಮಾನ್ಯ. ಒಟ್ಟು ಹಿಸ್ಟೊಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದಾಗಲೂ ಹೀಗಾಗುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರಿಸುವ ಹಿಸ್ಟೊಗ್ರಾಂ ತೆರೆದಿಡಿ. ಅರಿಶಿನ ಹಚ್ಚಿದ ಕೆನ್ನೆ ಹಸಿರಿಗೆ ತಿರುಗುತ್ತದೆಯೇ ನೋಡಿ. ಜರಿಯ ನೇಯ್ಗೆ, ಸಣ್ಣ ಗೆರೆಯ ಅಂಗಿಗಳನ್ನು ದೂರದಿಂದಲೂ ಹತ್ತಿರದಿಂದಲೂ ತೆಗೆಯಿರಿ. ಹೆಚ್ಚು ಮೆಗಾಪಿಕ್ಸೆಲ್‌ನ ಅನೇಕ ಬಾಡಿಗಳಲ್ಲಿ ಸಂವೇದಕದ ಮುಂದೆ ಮೃದುಗೊಳಿಸುವ ಫಿಲ್ಟರ್ ಇರುವುದಿಲ್ಲ, ಅದರಿಂದ ಬಟ್ಟೆಯ ಮೇಲೆ ಇಲ್ಲದ ಕಾಮನಬಿಲ್ಲಿನ ಅಲೆಗಳು ಮೂಡಬಹುದು. ಅವನ್ನು ಆಮೇಲೆ ತೆಗೆಯುವುದು ಬಹಳ ತ್ರಾಸದ ಕೆಲಸ.

ಕತ್ತಲಿನ ಪರೀಕ್ಷೆಗೆ ಅರಳಗುಪ್ಪೆ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಛಾವಣಿಯಲ್ಲಿ, ದಿಕ್ಪಾಲಕರ ನಡುವೆ ಕುಣಿಯುವ ಶಿವನಿದ್ದಾನೆ. ಒಂಬತ್ತನೆಯ ಶತಮಾನದ ಆ ಕೆತ್ತನೆ ನಮ್ಮ ಜಿಲ್ಲೆಯ ಹೆಮ್ಮೆ. ತಲೆಯ ಮೇಲೆ ಅರೆಗತ್ತಲ ಕಲ್ಲು, ಬಾಗಿಲಾಚೆ ಹೊಳೆಯುವ ಬಿಸಿಲು. ಸಂವೇದಕದ ಶಕ್ತಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಹತ್ತಿರದ ಬೇರೆ ಗುಡಿಯಾದರೂ ಸರಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಫ್ಲ್ಯಾಶ್ ಬೇಡವೇ ಬೇಡ.

ಇಲ್ಲಿ ಮೂರು ಕೆಲಸಗಳಿವೆ. ಒಂದು, ಐಎಸ್‌ಒ 1600ರಿಂದ 12800ರವರೆಗೆ ಒಂದೊಂದೇ ಹಂತ ಏರಿಸುತ್ತ, ಅದಕ್ಕೆ ತಕ್ಕಂತೆ ಶಟರ್ ವೇಗ ಹೆಚ್ಚಿಸುತ್ತ ಅದೇ ಕೆತ್ತನೆಯನ್ನು ಹಳೆಯ, ಹೊಸ ಎರಡೂ ಕ್ಯಾಮೆರಾಗಳಲ್ಲಿ ತೆಗೆಯುವುದು. ಎರಡು, ಕೈಯಲ್ಲೇ ಹಿಡಿದು 1/15, 1/8, 1/4 ಸೆಕೆಂಡಿನಲ್ಲಿ ಹತ್ತು ಹತ್ತು ಚಿತ್ರ ತೆಗೆದು ಎಷ್ಟು ಅಲುಗದೆ ಸ್ಪಷ್ಟವಾಗಿ ಬಂದಿವೆ ಎಂದು ಎಣಿಸುವುದು. ಬಾಡಿಯೊಳಗಿನ ಕಂಪನ ನಿವಾರಣೆಯ ಬಗ್ಗೆ ತಯಾರಕರು ಹೇಳುವ ಎಂಟು ಸ್ಟಾಪ್ ನಿಮ್ಮ ಕೈಯಲ್ಲಿ ಎಷ್ಟಾಗುತ್ತದೆ ಎಂದು ಆಗ ಗೊತ್ತಾಗುತ್ತದೆ. ಅದು ಕಲ್ಲಿಗೆ ಸರಿ. ಚಲಿಸುವ ಮನುಷ್ಯನನ್ನು ಅದು ನಿಲ್ಲಿಸುವುದಿಲ್ಲ.

ಮೂರನೆಯದೇ ಮುಖ್ಯ. ಐಎಸ್‌ಒ 100ಕ್ಕೆ ಇಟ್ಟು, ಬಾಗಿಲಾಚೆಯ ಬಿಸಿಲು ಬೆಳ್ಳಗೆ ಸುಟ್ಟುಹೋಗದಂತೆ ಬೆಳಕು ಹೊಂದಿಸಿ, ಒಳಗಿನ ಕಂಬಗಳು ಕಪ್ಪಾಗಿಯೇ ಬರಲಿ. ಮನೆಗೆ ಬಂದು ರಾ ಕಡತದಲ್ಲಿ ಆ ಕಪ್ಪನ್ನು ನಾಲ್ಕು ಸ್ಟಾಪ್ ಎತ್ತಿ. ಕಲ್ಲಿನ ಮೈ ಕಾಣುತ್ತದೆಯೇ, ನೇರಳೆ ಛಾಯೆ ಬಂದಿದೆಯೇ, ಉದ್ದಕ್ಕೆ ಗೆರೆಗಳು ಮೂಡಿವೆಯೇ? ಸಣ್ಣ ಮರಳಿನಂಥ ಚುಕ್ಕಿಗಳು ಕ್ಷಮ್ಯ, ಗೆರೆಗಳು ಅಲ್ಲ. ಕೆಲವು ಬಾಡಿಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದಾಗ ದಾಖಲಾತಿ 14 ಬಿಟ್‌ನಿಂದ 12 ಬಿಟ್‌ಗೆ ಇಳಿಯುತ್ತದೆ, ಅಂದರೆ ಬೆಳಕು–ನೆರಳಿನ ಸೂಕ್ಷ್ಮ ಹಂತಗಳು ಕಡಿಮೆಯಾಗುತ್ತವೆ. ಅದರ ಪರಿಣಾಮ ಮೊದಲು ಕಾಣುವುದು ಈ ನೆರಳಿನಲ್ಲಿಯೇ, ಆದ್ದರಿಂದ ಎರಡೂ ಶಟರ್‌ಗಳಲ್ಲಿ ತೆಗೆಯಿರಿ.

ಓಡುವುದನ್ನು ಹಿಡಿಯಲು ಮೈದನಹಳ್ಳಿ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ವನ್ಯಜೀವಿಗಳಲ್ಲಿ ಆಸಕ್ತಿಯಿದ್ದವರಿಗೆ ಆಟೋಫೋಕಸ್ ಪರೀಕ್ಷೆ ಇಲ್ಲಿ ನಡೆಯಬೇಕು. ಅರಣ್ಯ ಇಲಾಖೆಯ ನಿಯಮ ವಿಚಾರಿಸಿಕೊಂಡೇ ಹೋಗಿ, ಚಿತ್ರಕ್ಕಾಗಿ ಹಿಂಡನ್ನು ಓಡಿಸಬೇಡಿ. ಅವು ತಾವಾಗಿಯೇ ಓಡುವ ಹೊತ್ತಿಗೆ ಕಾಯಿರಿ. ಬೆಳಗಿನ ಮೊದಲ ಎರಡು ಗಂಟೆ ಸಾಕು. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ಅಲುಗುತ್ತದೆ, ಆಗ ಎಷ್ಟು ದುಬಾರಿ ಲೆನ್ಸ್ ಆದರೂ ದೂರದ ಚಿತ್ರ ಮಸುಕೇ. ಆ ಮಸುಕಿಗೆ ಕ್ಯಾಮೆರಾವನ್ನು ದೂರುವವರನ್ನು ಬಹಳ ನೋಡಿದ್ದೇನೆ.

ಪ್ರಾಣಿಯ ಕಣ್ಣು ಗುರುತಿಸುವ ಸೌಲಭ್ಯ ಹಾಕಿ, ಹುಲ್ಲಿನ ಮರೆಯಲ್ಲಿ ನಡೆಯುವ ಜಿಂಕೆಯ ಮೇಲೆ ಸತತವಾಗಿ ಮೂವತ್ತು ಚಿತ್ರ ತೆಗೆಯಿರಿ. ಫೋಕಸ್ ಮುಂದಿನ ಹುಲ್ಲಿಗೆ ಹಾರಿತೇ? ಹಾರಿದರೆ ಎಷ್ಟು ಚಿತ್ರಗಳ ಬಳಿಕ ಕಣ್ಣಿಗೆ ಮರಳಿತು? ಮೂವತ್ತರಲ್ಲಿ ಎಷ್ಟು ಬಳಸಲು ಯೋಗ್ಯ ಎಂಬ ಒಂದು ಸಂಖ್ಯೆ ಜಾಹೀರಾತಿನ ಹತ್ತು ಸಾಲುಗಳಿಗಿಂತ ಬೆಲೆಯುಳ್ಳದ್ದು. ಮದುವೆ ಮಾತ್ರ ಮಾಡುವವರು ಇದನ್ನೇ, ಅಕ್ಷತೆ ಬೀಳುತ್ತಿರುವಾಗ ಬಾಸಿಂಗದ ಅಡಿಯಲ್ಲಿರುವ ವರನ ಕಣ್ಣಿನ ಮೇಲೆ ಮಾಡಿ ನೋಡಬಹುದು.

ಎಲೆಕ್ಟ್ರಾನಿಕ್ ಶಟರ್ ಸಂವೇದಕವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಯುವ ಮೊದಲೇ ಪ್ರಾಣಿ ಸರಿದರೆ ಕಾಲು ಒಂದೆಡೆ, ಮೈ ಒಂದೆಡೆ ವಾಲುತ್ತದೆ. 61 ಮೆಗಾಪಿಕ್ಸೆಲ್‌ನ ಸೋನಿ ಎ7ಆರ್ 5 ಪೂರ್ತಿ ಚಿತ್ರ ಓದಲು ಸುಮಾರು ಹತ್ತನೇ ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ನಿಕಾನ್ ಜೆಡ್8ಗೆ ನಾಲ್ಕು ಮಿಲಿಸೆಕೆಂಡ್‌ಗೂ ಕಡಿಮೆ ಸಾಕು. ಸೋನಿ ಎ9 3 ಎಲ್ಲ ಸಾಲುಗಳನ್ನೂ ಒಮ್ಮೆಗೇ ಓದುವುದರಿಂದ ಈ ತೊಂದರೆಯೇ ಇಲ್ಲ, ಆದರೆ ಅದರಲ್ಲಿರುವುದು 24 ಮೆಗಾಪಿಕ್ಸೆಲ್. ಬಾಡಿಗೆಗೆ ತಂದದ್ದು ಯಾವ ಬಗೆಯದು ಎಂದು ತಿಳಿಯಲು ಮನೆಯ ಬಾಗಿಲುವಾಡವೇ ಸಾಕು: ಎಲೆಕ್ಟ್ರಾನಿಕ್ ಶಟರ್ ಹಾಕಿ, ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ವೇಗವಾಗಿ ತಿರುಗಿಸುತ್ತ ಕ್ಲಿಕ್ಕಿಸಿ. ಚೌಕಟ್ಟು ವಾಲಿದರೆ, ಓಡುವ ವಸ್ತುಗಳಿಗೆ ಯಾಂತ್ರಿಕ ಶಟರ್ ಒಂದೇ ಗತಿ.

ಕಂಪ್ಯೂಟರ್ ಮುಂದೆ

ಇಲ್ಲಿ ಒಂದೇ ನಿಯಮ, ಆದರೆ ಬಹುತೇಕ ಎಲ್ಲರೂ ಮುರಿಯುವ ನಿಯಮ: ಎರಡೂ ಚಿತ್ರಗಳನ್ನು ಒಂದೇ ಅಳತೆಗೆ ತಂದ ಮೇಲೆ ಹೋಲಿಸಿ. 61 ಮೆಗಾಪಿಕ್ಸೆಲ್‌ನದನ್ನೂ 24ರದ್ದನ್ನೂ ಪಿಕ್ಸೆಲ್ ಮಟ್ಟಕ್ಕೆ ಹಿಗ್ಗಿಸಿ ಅಕ್ಕಪಕ್ಕ ಇಟ್ಟರೆ ದೊಡ್ಡದೇ ಒರಟಾಗಿ ಕಾಣುತ್ತದೆ. ಎರಡನ್ನೂ 3600×5400ಕ್ಕೆ ಇಳಿಸಿ, ಆಮೇಲೆ ನೋಡಿ. ಸಾಧ್ಯವಾದರೆ ಆಲ್ಬಂ ಅಚ್ಚು ಹಾಕಿಸುವ ಲ್ಯಾಬ್‌ನಲ್ಲಿ ಎರಡೂ ಚಿತ್ರಗಳ ಪ್ರತಿ ತೆಗೆಸಿ, ಯಾವುದು ಯಾವುದರದ್ದೆಂದು ಹೇಳದೆ ಮನೆಯವರ ಮುಂದೆ ಇಡಿ. ಅವರಿಗೆ ವ್ಯತ್ಯಾಸ ಕಾಣದಿದ್ದರೆ ಹಣ ಕೊಡುವ ಗ್ರಾಹಕರಿಗೂ ಕಾಣುವುದಿಲ್ಲ.

ಕಡತದ ಗಾತ್ರವನ್ನೂ ಇಲ್ಲಿಯೇ ಬರೆದುಕೊಳ್ಳಿ. 61 ಮೆಗಾಪಿಕ್ಸೆಲ್‌ನ ಸಂಕುಚನವಿಲ್ಲದ ರಾ ಕಡತ ಒಂದೊಂದೂ 120 ಎಂಬಿ ಆಸುಪಾಸು. ಒಂದು ಮದುವೆಗೆ ಮೂರು ಸಾವಿರ ಚಿತ್ರ ಎಂದರೆ 360 ಜಿಬಿ, ಎರಡು ಪ್ರತಿ ಇಟ್ಟರೆ ಅದರ ಇಮ್ಮಡಿ. ಹಳೆಯ ಕಂಪ್ಯೂಟರ್ ಅದನ್ನು ತೆರೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಗಡಿಯಾರ ಹಿಡಿದು ನೋಡಿ; ಹೊಸ ಕಂಪ್ಯೂಟರ್‌ನ ಬೆಲೆಯೂ ಕ್ಯಾಮೆರಾದ ಬೆಲೆಗೆ ಸೇರುವ ಸಾಧ್ಯತೆಯಿದೆ.

ಕಾರ್ಡ್, ಕಾವು, ತೂಕ

ಎರಡು ಕಾರ್ಡ್‌ಗಳಲ್ಲಿ ಒಂದೇ ಚಿತ್ರ ದಾಖಲಿಸುವುದು ಮದುವೆಯವರಿಗೆ ಅನಿವಾರ್ಯ. ಆಗ ನಿಧಾನದ ಕಾರ್ಡ್ ಯಾವ ವೇಗದಲ್ಲಿ ಬರೆಯುತ್ತದೋ ಅದೇ ಕ್ಯಾಮೆರಾದ ವೇಗ. ಒಂದು ಕಡೆ ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್, ಇನ್ನೊಂದು ಕಡೆ ಸಾಮಾನ್ಯ ಎಸ್‌ಡಿ ಹಾಕಿ ಬಟನ್ ಒತ್ತಿ ಹಿಡಿದು, ಎಷ್ಟು ಸೆಕೆಂಡಿಗೆ ಕ್ಯಾಮೆರಾ ಉಸಿರುಗಟ್ಟಿ ನಿಧಾನವಾಗುತ್ತದೆ ಎಂದು ಎಣಿಸಿ. ವಿಡಿಯೊ ಮಾಡುವವರು ನಡುಮಧ್ಯಾಹ್ನ, ಫ್ಯಾನ್ ಇಲ್ಲದ ಕೋಣೆಯಲ್ಲಿ 4ಕೆ ಗುಣಮಟ್ಟದಲ್ಲಿ ಅರ್ಧ ಗಂಟೆ ನಿಲ್ಲಿಸದೆ ದಾಖಲಿಸಲಿ. ಇನ್ನು ತೂಕ: ಜೆಡ್8ನ ಬಾಡಿ ಬ್ಯಾಟರಿ ಸಮೇತ 900 ಗ್ರಾಂ ದಾಟುತ್ತದೆ, 70–200 ಮಿಲಿಮೀಟರ್‌ನ ಎಫ್/2.8 ಲೆನ್ಸ್ ಸುಮಾರು ಒಂದೂವರೆ ಕಿಲೋ. ಸಂಜೆಯ ಆರತಕ್ಷತೆಯಿಂದ ಮರುದಿನ ಮುಹೂರ್ತದವರೆಗೆ ಹೊರಬೇಕಾದ ಮಣಿಕಟ್ಟು ನಿಮ್ಮದು.

ಬಿಲ್ ಮಾಡಿಸುವಾಗ

ಜಿಎಸ್‌ಟಿ ಇಲ್ಲದ ಬಿಲ್, ತುಸು ಕಡಿಮೆ ಬೆಲೆ ಎಂದು ಯಾರಾದರೂ ಹೊರದೇಶದಿಂದ ತಂದ ಬಾಡಿ ತೋರಿಸಿದರೆ ಒಪ್ಪಬೇಡಿ. ಭಾರತದ ವಾರಂಟಿ ಅದಕ್ಕೆ ಸಿಗುವುದಿಲ್ಲ. ಕ್ಯಾಮೆರಾಗಳ ಮೇಲೆ ಶೇ 18 ಜಿಎಸ್‌ಟಿ ಇದೆ. ನಿಮ್ಮ ಸ್ಟುಡಿಯೊ ನೋಂದಾಯಿತವಾಗಿದ್ದರೆ ಬಿಲ್ ಸ್ಟುಡಿಯೊ ಹೆಸರಿನಲ್ಲಿಯೇ ಇರಲಿ, ಆ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳುವ ಅವಕಾಶ ಇರುತ್ತದೆ. ಬಾಡಿಯ ಕೆಳಗಿನ ಕ್ರಮಸಂಖ್ಯೆ, ಡಬ್ಬಿಯ ಮೇಲಿನದು, ಬಿಲ್‌ನಲ್ಲಿರುವುದು ಮೂರೂ ಒಂದೇ ಇವೆಯೇ ನೋಡಿ. ಅಂಗಡಿಯಿಂದ ಹೊರಡುವ ಮುನ್ನ ಲೆನ್ಸ್‌ಗೆ ಮುಚ್ಚಳ ಹಾಕಿ ಐಎಸ್‌ಒ 1600ರಲ್ಲಿ ಒಂದು ಚಿತ್ರ ತೆಗೆದು, ಹಿಗ್ಗಿಸಿ, ಹೊಳೆಯುವ ಕೆಟ್ಟ ಪಿಕ್ಸೆಲ್‌ಗಳಿಗಾಗಿ ಹುಡುಕಿ. ಬಳಿಕ ಎಫ್/16ರಲ್ಲಿ ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆದರೆ ಸಂವೇದಕದ ಮೇಲೆ ದೂಳು, ಎಣ್ಣೆಯ ಕಲೆ ಇದ್ದಲ್ಲಿ ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ. ಅಂಥದ್ದೇನಾದರೂ ಸಿಕ್ಕರೆ ಅಲ್ಲಿಯೇ ಬೇರೆ ಬಾಡಿ ಕೇಳಿ ಪಡೆಯಿರಿ.