ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಾ? ಮನೆಗೆ ಕಳಿಸುವ ದುಡ್ಡು, ದಾನ, ಉಳಿತಾಯದ ಲೆಕ್ಕ

ಇದು ತೆರಿಗೆ ಲೆಕ್ಕದಲ್ಲಿ ರೆಸಿಡೆಂಟ್ ಆದವರಿಗೆ, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿ ಬಂದು ನೆಲೆಸುತ್ತಿರುವವರಿಗೆ. ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ನಿಯಮವೇ ಬೇರೆ.

ನಮ್ಮವರು ಜಾಸ್ತಿ ಎಡವುವುದು ಎನ್‌ಆರ್‌ಇ ಎಫ್‌ಡಿಯಲ್ಲಿ, ಅಂದರೆ ಅನಿವಾಸಿ ಭಾರತೀಯರು ಭಾರತದ ಬ್ಯಾಂಕಿನಲ್ಲಿ ಇಡುವ ಠೇವಣಿಯಲ್ಲಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ನಿಜ. ಇಲ್ಲಿ ಇದೆ. ರಿಟರ್ನ್‌ನಲ್ಲಿ ತೋರಿಸಲೇಬೇಕು. ಭಾರತದ ಎಲ್ಲ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ವಿದೇಶಿ ಖಾತೆಗಳ ವಿವರ ಕೊಡುವ ಎಫ್‌ಬಾರ್ ಫಾರಂ ಸಲ್ಲಿಸಬೇಕು. ಅಪ್ಪನ ಜೊತೆ ಜಂಟಿ ಖಾತೆ ಇದ್ದರೆ ಅದೂ ಸೇರುತ್ತದೆ. ಇದಕ್ಕೆ ಶುಲ್ಕವಿಲ್ಲ, ಮರೆತರೆ ದಂಡ ಮಾತ್ರ ಭಾರಿ. ಭಾರತದ ಮ್ಯೂಚುಯಲ್ ಫಂಡ್‌ನ ಎಸ್‌ಐಪಿ ಓಡುತ್ತಿದ್ದರೆ ಬೇಗ ಲೆಕ್ಕಿಗರನ್ನು ಕೇಳಿ. ಇಲ್ಲಿ ಅದನ್ನು ಪಿಎಫ್‌ಐಸಿ (ಒಂದು ಬಗೆಯ ವಿದೇಶಿ ಹೂಡಿಕೆ ಕಂಪನಿ) ಅಂತ ನೋಡುತ್ತಾರೆ, ತೆರಿಗೆಯೂ ಕಾಗದಪತ್ರವೂ ಭಾರ.

ಉಳಿತಾಯಕ್ಕೆ ಮೊದಲು 401(ಕೆ), ಅಂದರೆ ಕಂಪನಿ ಮೂಲಕ ಮಾಡುವ ನಿವೃತ್ತಿ ಉಳಿತಾಯ. ನೀವು ಹಾಕಿದ್ದಕ್ಕೆ ಕಂಪನಿಯೂ ತನ್ನ ಪಾಲು (ಮ್ಯಾಚ್) ಸೇರಿಸುತ್ತಿದ್ದರೆ ಅಷ್ಟನ್ನಾದರೂ ಹಾಕಿ. ವಾಪಸ್ ಹೋಗುವ ಯೋಚನೆ ಇದ್ದರೂ ಹಾಕಿ. ನೀವು ಹಾಕಿದ್ದು ನಿಮ್ಮದೇ. ಕಂಪನಿಯ ಪಾಲು ಎಷ್ಟು ವರ್ಷಕ್ಕೆ ಪೂರ್ತಿ ನಿಮ್ಮದಾಗುತ್ತದೆ ಅಂತ ಮಾತ್ರ ಕೇಳಿಕೊಳ್ಳಿ.

ಅಪ್ಪ ಅಮ್ಮನಿಗೆ ಕಳಿಸುವ ಹಣ ಇಲ್ಲಿ ಗಿಫ್ಟ್ ಲೆಕ್ಕ. ಅದರಿಂದ ನಿಮ್ಮ ಟ್ಯಾಕ್ಸ್ ಕಡಿಮೆ ಆಗದು. ಊರಲ್ಲೇ ಇರುವ ಅವರನ್ನು ಅವಲಂಬಿತರು ಅಂತ ತೋರಿಸಲೂ ಆಗದು. ಆದರೂ ಕಳಿಸುವುದಕ್ಕೆ ಹೆದರಬೇಡಿ. 2026ರಲ್ಲಿ ಅಪ್ಪನಿಗೆ 19,000, ಅಮ್ಮನಿಗೆ ಬೇರೆಯಾಗಿ 19,000 ಡಾಲರ್‌ವರೆಗೆ ಯಾವ ಫಾರಂ ಕೂಡ ಬೇಡ. ಆಪರೇಷನ್ ಬಿಲ್ಲನ್ನು ನೇರವಾಗಿ ಆಸ್ಪತ್ರೆಗೆ, ತಂಗಿಯ ಟ್ಯೂಷನ್ ಫೀಸನ್ನು ನೇರವಾಗಿ ಕಾಲೇಜಿಗೆ ಕಟ್ಟಿದರೆ ಅದು ಈ ಮಿತಿಗೆ ಸೇರುವುದೇ ಇಲ್ಲ. ಮಕ್ಕಳು ಕೊಟ್ಟ ಹಣಕ್ಕೆ ಭಾರತದಲ್ಲಿ ಹೆತ್ತವರು ತೆರಿಗೆ ಕಟ್ಟಬೇಕಿಲ್ಲ. ಅದನ್ನು ಎಫ್‌ಡಿ ಇಟ್ಟರೆ ಬರುವ ಬಡ್ಡಿ ಮಾತ್ರ ಅವರ ಆದಾಯ. ಹಣವನ್ನು ಬ್ಯಾಂಕ್ ಖಾತೆಯಿಂದಲೇ ಕಳಿಸಿ. 2026ರಿಂದ ನಗದು ಅಥವಾ ಮನಿ ಆರ್ಡರ್ ಕೊಟ್ಟು ಕಳಿಸಿದರೆ ಶೇ. 1 ತೆರಿಗೆ ಇದೆ.

ಇನ್ನು ದಾನ. ಊರ ದೇವಸ್ಥಾನಕ್ಕೆ, ಓದಿದ ಸರ್ಕಾರಿ ಶಾಲೆಗೆ ಕೊಟ್ಟದ್ದಕ್ಕೆ ಇಲ್ಲಿ ವಿನಾಯಿತಿ ಸಿಗದು. 80ಜಿ ರಸೀದಿ ಭಾರತದ ಆದಾಯಕ್ಕೆ ಮಾತ್ರ. ಇಲ್ಲಿ 501(ಸಿ)(3) ಸಂಸ್ಥೆಗೇ, ಅಂದರೆ ಅಮೆರಿಕದಲ್ಲಿ ತೆರಿಗೆ ಮಾನ್ಯತೆ ಪಡೆದ ದತ್ತಿ ಸಂಸ್ಥೆಗೇ ಕೊಡಬೇಕು. ನಿಮ್ಮೂರಿನ ಕನ್ನಡ ಕೂಟ ಹಾಗೆ ನೋಂದಾಯಿಸಿದೆಯಾ ಅಂತ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಪಟ್ಟಿಯಲ್ಲಿ ನೋಡಬಹುದು. ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಪಟ್ಟಿ ಕೊಡದೆ ಸಿಗುವ ನಿಗದಿತ ಕಡಿತ) ತೆಗೆದುಕೊಳ್ಳುವವರಿಗೆ 2022ರಿಂದ 2025ರವರೆಗೆ ದಾನದಿಂದ ಏನೂ ಉಳಿಯುತ್ತಿರಲಿಲ್ಲ. ಈಗ ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್‌ವರೆಗೆ ಹಣದ ರೂಪದಲ್ಲಿ ಕೊಟ್ಟ ದಾನಕ್ಕೆ ವಿನಾಯಿತಿ ಇದೆ. ಒಮ್ಮೆಗೆ 250 ಡಾಲರ್ ಅಥವಾ ಜಾಸ್ತಿ ಕೊಟ್ಟರೆ ಸಂಸ್ಥೆಯಿಂದ ಪತ್ರ ತೆಗೆದುಕೊಳ್ಳಿ. ಕಂಪನಿಯೂ ಅಷ್ಟೇ ಹಣ ಸೇರಿಸಿ ಕೊಡುತ್ತದೆಯಾ ಅಂತ ಎಚ್‌ಆರ್‌ಗೆ ಕೇಳಿ. ತುಂಬಾ ಜನ ಇದನ್ನು ಕೇಳುವುದೇ ಇಲ್ಲ.

ವಿನಾಯಿತಿ ಇಲ್ಲ ಅಂತ ಊರಿನ ಶಾಲೆಯನ್ನು ಬಿಡಬೇಡಿ. ಭಾರತದ ಪಾಸ್‌ಪೋರ್ಟ್ ಇರುವಷ್ಟು ದಿನ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಇಲ್ಲಿನ ಪೌರತ್ವ ಪಡೆದ ಮೇಲೆ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಆಗ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇದೆಯಾ ಅಂತ ಸಂಸ್ಥೆಯವರನ್ನು ಮೊದಲೇ ಕೇಳಿ, ಆಮೇಲೆ ಕಳಿಸಿ. ಇಲ್ಲದಿದ್ದರೆ ತೊಂದರೆ ಆಗುವುದು ಅವರಿಗೆ.